ಗುಡಿಸಿದ ರೊಪ್ಪ

ಈ ಬರಹದಲ್ಲಿ ಪದದೋಷವೋ ವಾಕ್ಯದೋಷವೋ ಕಂಡುಬಂದರೆ ಓದುಗರು ಮನ್ನಿಸಬೇಕು. ನಮ್ಮ ಮನೆಯಲ್ಲಿ ಪದವಿಯವರೆಗೆ ಓದಿದವಳು ನಾನೊಬ್ಬಳೇ, ತಿದ್ದಿಕೊಡುವವರಿಲ್ಲ.

ತುಮಕೂರಿನ ಖಾಸಗಿ ಕಚೇರಿಯೊಂದರಲ್ಲಿ ನಾನು ನಕ್ಷೆ ತಯಾರಿಸುತ್ತೇನೆ. ಡ್ರೋನ್ ತೆಗೆದ ಚಿತ್ರಗಳಲ್ಲಿ ಒಂದೇ ಎತ್ತರದ ಜಾಗಗಳನ್ನು ಗೆರೆಯಿಂದ ಕೂಡಿಸಿ, ಬೆಟ್ಟದ ಏರಿಳಿತವನ್ನು ಹಾಳೆಗೆ ಇಳಿಸುವುದು ನಮ್ಮ ಕೆಲಸ. ಕುಣಿಗಲ್ ತಾಲ್ಲೂಕಿನ ಸರದಿ ಬಂದಾಗ ಅಮೃತೂರಿನಾಚೆಯ ನಮ್ಮ ಬೆಟ್ಟವೂ ಅದರಲ್ಲಿತ್ತು. ತಾತನ ಕಾಲದಿಂದ ನಮ್ಮ ಕುರಿಗಳು ಮೇಯುತ್ತಿದ್ದುದು ಅಲ್ಲಿಯೇ. ಸಂಜೆ ಅವುಗಳನ್ನು ಕೂಡಿಹಾಕುವ ಕಲ್ಲುಗೋಡೆಯ ರೊಪ್ಪವೂ ಅಲ್ಲಿಯೇ. ಜಾಗ ಸರ್ಕಾರದ್ದು. ಬಳಕೆಯಲ್ಲಿರುವ ರೊಪ್ಪವೆಂದು ನಕ್ಷೆಯಲ್ಲಿ ಬಂದರೆ ಮೇಯಿಸುವ ಹಕ್ಕು ಕೇಳಬಹುದೆಂದು ಅಪ್ಪನಿಗೆ ನಾನು ಹೇಳಿದ್ದೆ.

ಚಿತ್ರ ಸ್ವಚ್ಛವಾಗಿ ಬರಲು ಕುರಿಗಳನ್ನು ಬೆಟ್ಟದ ಆಚೆ ಮಗ್ಗುಲಿಗೆ ಹೊಡೆಯುವಂತೆ ನಮ್ಮ ಕಚೇರಿಯವರು ಹೇಳಿಕಳುಹಿಸಿದರು. ಅಪ್ಪ ಅಷ್ಟಕ್ಕೇ ನಿಲ್ಲಲಿಲ್ಲ. ಬಾಗಿಲಿನ ಮುಳ್ಳುಪಡಲು ಕಿತ್ತು ಬದಿಗಿಟ್ಟರು. ರೊಪ್ಪವನ್ನು ಮೂಲೆಮೂಲೆಯೂ ಗುಡಿಸಿದರು. ರಜೆಗೆ ಬಂದಿದ್ದ ನಾನು ನೋಡುತ್ತಿದ್ದೆ.

"ಹಂಗೇ ಒಂದ್ ಚಪ್ರನೂ ಹಾಕ್ಬುಡು, ಮದ್ವೆ ಮಾಡಾನ" ಎಂದು ಅವ್ವ ಛೇಡಿಸಿದಳು.

"ಸುಮ್ಕಿರೇ. ಮ್ಯಾಲಿಂದ ಫೋಟೋ ತೆಗೀತಾರಂತೆ. ಬರೀ ಹಿಕ್ಕೆ ಕಂಡ್ರೆ ನಮ್ ಮಗ್ಳು ಮರ್ವಾದೆ ಏನಾಯ್ತದೆ?" ಎಂದರು ಅಪ್ಪ.

ನೆರಳು ಚಿಕ್ಕದಾಗಿರಲೆಂದು ಡ್ರೋನ್ ಹಾರಿಸಿದ್ದು ನಡುಮಧ್ಯಾಹ್ನ. ಕರಡು ನಕ್ಷೆ ನನ್ನ ಪರದೆಗೆ ಬಂದಾಗ ನಮ್ಮ ರೊಪ್ಪದ ಮೇಲೆ 'ಪಾಳು ಗೋಡೆ' ಎಂದಿತ್ತು. ಸುತ್ತಲಿನ ಇಳಿಜಾರಿನ ಮೇಲೆ 'ಬಳಕೆಯಿಲ್ಲದ ಬಯಲು'.

ನಾನು ಮೇಲಧಿಕಾರಿಯ ಮುಂದೆ ನಿಂತು, ಮನಸ್ಸಿನಲ್ಲಿ ಎರಡು ಸಲ ಜೋಡಿಸಿಕೊಂಡ ವಾಕ್ಯವನ್ನು ಒಪ್ಪಿಸಿದೆ: "ಸರ್, ಆ ರೊಪ್ಪವು ಈಗಲೂ ಬಳಕೆಯಲ್ಲಿದೆ. ಅದು ನಮ್ಮದು."

"ಏನಮ್ಮ, ನ್ಯೂಸ್ ಓದ್ತಿದೀಯಾ?" ಅವರು ನಕ್ಕರು. "ಚಿತ್ರದಲ್ಲಿ ಕಂಡಿದ್ದು ಬರೀತೀವಿ, ಅಷ್ಟೇ. ಒಂದು ಕುರಿ ತೋರ್ಸು, ಈಗ್ಲೇ ಚೇಂಜ್ ಮಾಡ್ತೀನಿ."

"ಕುರಿ ಓಡಿಸಿ ಅಂದವರು ನಾವೇ, ಸರ್."

"ಅದು ಪ್ರೊಸೀಜರ್ ಕಣಮ್ಮ."

ಪರದೆಯ ಮೇಲೆ ಚಿತ್ರವನ್ನು ಎಷ್ಟು ಹಿಗ್ಗಿಸಿದರೂ ಒಂದು ಹಿಕ್ಕೆಯೂ ಕಾಣಲಿಲ್ಲ. ಅಪ್ಪ ಅಷ್ಟು ಚೆನ್ನಾಗಿ ಗುಡಿಸಿದ್ದರು. ಎತ್ತರದ ಗೆರೆಗಳು ಮಾತ್ರ ಒಂದೂ ತಪ್ಪಿರಲಿಲ್ಲ.

ನಕ್ಷೆ ಮಂಜೂರಾದ ಮೇಲೆ ಬೆಟ್ಟಕ್ಕೆ ತಂತಿಬೇಲಿ ಬಿತ್ತು. ಕುರಿಗಳನ್ನು ಗುಬ್ಬಿಯ ಕಡೆಯವರೊಬ್ಬರಿಗೆ ಮಾರಿದೆವು. ಈಗ ಮೂವರೂ ತುಮಕೂರಿನ ಕ್ಯಾತ್ಸಂದ್ರದ ಬಾಡಿಗೆ ಮನೆಯಲ್ಲಿದ್ದೇವೆ. ಅಪ್ಪ ಅಲ್ಲೇ ಹತ್ತಿರದ ಸತ್ಯಮಂಗಲದ ಗೋದಾಮೊಂದರಲ್ಲಿ ಅಂಗಳ ಗುಡಿಸುತ್ತಾರೆ. ನನ್ನ ಕೆಲಸ ಅದೇ ಕಚೇರಿಯಲ್ಲಿ ಮುಂದುವರಿದಿದೆ.