ವ್ಯಾಂಕೂವರಿನ ಸಂಕಷ್ಟಿ

ಏಪ್ರಿಲಿನಲ್ಲಿ ವ್ಯಾಂಕೂವರಿಗೆ ಹೋಗಿ ಚೆರ್ರಿ ಹೂ ನೋಡಬೇಕೆಂಬುದು, ಆಪರೇಷನ್ ಆಗಿ ಈಗಷ್ಟೇ ಚೇತರಿಸಿಕೊಂಡ ನನ್ನ ಹೆಂಡತಿಯ ಆಸೆ. ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಟಿಕೆಟ್ ಮಾಡಿಸುವಾಗ ನೆನಪಾಯಿತು, ಆ ನಡುವೆ ಸಂಕಷ್ಟಿ ಬರುತ್ತದೆ. ಚಂದ್ರನನ್ನು ನೋಡದೆ ಅವಳು ಉಣ್ಣುವವಳಲ್ಲ. ಅಲ್ಲಿ ಸದಾ ಮೋಡವಂತೆ. ತುಂಬ ಹೊತ್ತು ಹಸಿದಿರಬಾರದೆಂದು ಡಾಕ್ಟರು ಬೇರೆ ಹೇಳಿದ್ದಾರೆ.

“ಬೇಡ ಹಂಝಾಕ, ಬಿಡಿ,” ಎಂದೆ.

ಟ್ರಾವೆಲ್ಸಿನ ಹಂಝಾಕ ಉಳ್ಳಾಲದ ಬ್ಯಾರಿ. “ಎಂತ ಶೆಟ್ರೇ, ಚಂದ್ರನಿಗಾಗಿ ಟ್ರಿಪ್ಪೇ ಖಲಾಸಾ? ನಮ್ಮ ಈದ್ ಹಬ್ಬಕ್ಕೆ ಮೋಡ ಬಂದು ಚಂದ್ರ ಕಾಣದಿದ್ದರೆ, ಬೇರೆ ಊರಲ್ಲಿ ಕಂಡವರ ಮಾತು ಸಾಕು. ಇಲ್ಲಿ ಚಂದ್ರ ಮೊದಲೇ ಬರುತ್ತಾನಲ್ಲ? ನಾನೇ ನೋಡಿ ಅಕ್ಕನಿಗೆ ಫೋಟೋ ಕಳಿಸ್ತೇನೆ, ಉಣ್ಣಲಿ.”

ನನ್ನ ಕಣ್ಣು ತುಂಬಿತು. ಟಿಕೆಟ್ ಮಾಡಿಸಿಯೇ ಬಂದೆ.

ಅಬುಧಾಬಿಯ ಚಂದ್ರ ವ್ಯಾಂಕೂವರಿಗೆ ನಡೆಯುತ್ತದೆಯೇ ಎಂದು ಊರಿನ ಪುರೋಹಿತರನ್ನು ಇನ್ನೂ ಕೇಳಿಲ್ಲ. ವಿಘ್ನೇಶ್ವರ ಒಪ್ಪುತ್ತಾನೆಂಬ ನಂಬಿಕೆಯಿದೆ. ಪುರೋಹಿತರ ವಿಷಯದಲ್ಲಿ ಅಷ್ಟು ಧೈರ್ಯವಿಲ್ಲ.