ಕೆಂಪು ಮೌಸು, ಕಪ್ಪು ಮೌಸು

ಸಂಜೆ ಅಚ್ಚುಮನೆಯ ಬಾಗಿಲು ಹಾಕುವ ಮುಂಚೆ ದೊಡ್ಡ ಸೊಸೆ ಮೇಜುಗಳ ಮೇಲಿನ ಸಣ್ಣಪುಟ್ಟ ಸಾಮಾನನ್ನೆಲ್ಲ ಎತ್ತಿ ಖಾನೆಗೆ ಹಾಕುತ್ತಾಳೆ. ಗುಂಡುಸೂಜಿ, ಕ್ಲಿಪ್ಪು, ಪೆನ್ನಿನ ಮುಚ್ಚಳ, ಕಂಪ್ಯೂಟರಿಗೆ ಚುಚ್ಚಿದ ಪೆನ್‌ಡ್ರೈವು, ಯಾವುದೂ ಹೊರಗೆ ಉಳಿಯುವಂತಿಲ್ಲ. ಖಾನೆಗಳಿರುವುದು ಒಂದು ಹಳೆಯ ಮರದ ತಟ್ಟೆಯಲ್ಲಿ. ಸೀಸದ ಮೊಳೆಗಳನ್ನು ಒಂದೊಂದಾಗಿ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ಒಂದೊಂದು ಅಕ್ಷರಕ್ಕೂ ಅದರಲ್ಲಿ ಒಂದೊಂದು ಖಾನೆ ಇತ್ತು. ಮೊಳೆಗಳು ಗುಜರಿಗೆ ಹೋದವು. ತಟ್ಟೆಯನ್ನು ಮಾತ್ರ ಅವಳು ಕೊಡಲಿಲ್ಲ. ಜ್ವರ ಬಂದು ಮಲಗಿದ ದಿನವೂ ಗಂಡನಿಗೆ ಹೇಳಿ ಈ ಕೆಲಸ ಮಾಡಿಸಿದ್ದಾಳೆ.

ಅಭ್ಯಾಸ ಕಲಿಸಿದ್ದು ಮಾವ. ಅಚ್ಚುಮನೆ ಕಟ್ಟಿದವರು ಅವರೇ. ಮೊಳೆಯ ಕಾಲದಲ್ಲಿ ಅವರದೊಂದು ನಿಯಮವಿತ್ತು. ಕೆಲಸ ಮುಗಿದ ಮೇಲೆ ಮೊಳೆಯನ್ನು ತಪ್ಪು ಖಾನೆಗೆ ಹಾಕಿದವರು ಮುಂದಿನ ಕೆಲಸವನ್ನು ಮುಟ್ಟುವಂತಿಲ್ಲ. ಮಗನಾದರೂ ಅಷ್ಟೆ, ಕೆಲಸದವನಾದರೂ ಅಷ್ಟೆ. ಹದಿನಾಲ್ಕು ವರ್ಷ ಮೊಳೆ ಜೋಡಿಸಿದ ದೊಡ್ಡ ಸೊಸೆ ಒಂದು ದಿನವೂ ಆ ನಿಯಮಕ್ಕೆ ಸಿಕ್ಕಿಬಿದ್ದವಳಲ್ಲ. ಕಂಪ್ಯೂಟರ್ ಬಂದಾಗ ಒಂದು ಪುಸ್ತಕ ಮುಂದಿಟ್ಟುಕೊಂಡು ತಾನೇ ಕಲಿತಳು. ನಿಧಾನ, ಆದರೆ ಅವಳು ಅಕ್ಷರ ಕೂಡಿಸಿದ ಪುಟದಲ್ಲಿ ತಪ್ಪು ಹುಡುಕುವುದು ಕಷ್ಟ.

ಎರಡು ವರ್ಷದ ಹಿಂದೆ ಮೈದುನನಿಗೆ ಮದುವೆಯಾಗಿ ಚಿಕ್ಕ ಸೊಸೆ ಬಂದಳು. ಅಚ್ಚುಮನೆಯ ಮುಂದಿನ ಕೋಣೆಯಲ್ಲಿ ಎರಡನೆಯ ಮೇಜು ಬಂತು. ಓರಗಿತ್ತಿಯರಿಬ್ಬರೂ ಬೆನ್ನಿಗೆ ಬೆನ್ನು ಮಾಡಿ ಕೂತು ಕೆಲಸ ಮಾಡತೊಡಗಿದರು. ಚಿಕ್ಕವಳ ಬೆರಳು ಕೀಲಿಮಣೆಯ ಮೇಲೆ ಓಡುವ ಸದ್ದು ದೊಡ್ಡವಳ ಬೆನ್ನಿಗೆ ದಿನವಿಡೀ ಬೀಳುತ್ತಿತ್ತು. ಮೊದಮೊದಲು ಗಿರಾಕಿಗಳು "ಅತ್ತಿಗೆ ಇದಾರಾ?" ಎಂದು ದೊಡ್ಡವಳನ್ನು ಕೇಳಿಕೊಂಡು ಬರುತ್ತಿದ್ದರು. ಈಗ ಬಾಗಿಲಲ್ಲೇ ನಿಂತು, "ಆ ಚಿಕ್ಕಮ್ಮ ಇಲ್ವಾ? ಇದ್ರೆ ಕೂತಲ್ಲೇ ಮಾಡ್ಕೊಡ್ತಿದ್ರು," ಎನ್ನುತ್ತಾರೆ.

"ಅವರು ಬರೋದು ಹತ್ತು ಗಂಟೆಗೆ," ಎಂದು ದೊಡ್ಡವಳು ಪರದೆಯಿಂದ ಕಣ್ಣೆತ್ತದೆ ಹೇಳುತ್ತಾಳೆ. ತನ್ನ ಹೊಟ್ಟೆಕಿಚ್ಚನ್ನು ಅವಳು ದೇವರ ಮುಂದೆ ಹೇಳಿಕೊಂಡಿದ್ದಾಳೆ, ಗಂಡನ ಮುಂದೆ ಹೇಳಿಕೊಂಡಿಲ್ಲ. ಹೇಳಿಕೊಂಡರೂ ಉರಿ ಆರಲಿಲ್ಲ.

ಅವಳಿಗೆ ಉಳಿದಿದ್ದ ದೊಡ್ಡ ಆಸೆ ಪ್ರಾರ್ಥನೆ ಪುಸ್ತಕ. ಪಕ್ಕದ ಬೀದಿಯ ಪ್ರಾರ್ಥನಾ ಮಂದಿರದವರು ಕೆಲವು ವರ್ಷಕ್ಕೊಮ್ಮೆ ಅದನ್ನು ಅಚ್ಚು ಹಾಕಿಸುತ್ತಾರೆ. ಎರಡು ಸಲ ಮೊಳೆಯಲ್ಲಿ, ಒಂದು ಸಲ ಕಂಪ್ಯೂಟರಿನಲ್ಲಿ ಅವಳೇ ಕೂಡಿಸಿದ್ದಳು. ಯಾವ ಸಾಲಿನಲ್ಲಿ ಉಸಿರಿಗೆ ನಿಲ್ಲಬೇಕು ಎಂಬುದು ಕೂಡ ಗೊತ್ತು. ಈ ಸಲ ಮಂದಿರದವರು ಅಕ್ಷರ ದೊಡ್ಡದಾಗಬೇಕು, ಮೊದಲು ನಾಲ್ಕು ಪುಟ ಮಾಡಿ ತೋರಿಸಿ ಎಂದಿದ್ದರು. "ನಾಳೆ ಮಧ್ಯಾಹ್ನ ಮೂರಕ್ಕೆ ಬರ್ತಾರೆ. ನಾಲ್ಕು ಪುಟ ತಯಾರಿರ್ಲಿ. ನಿನ್ನಿಂದ ಆಗ್ಲಿಲ್ಲ ಅಂದ್ರೆ ಚಿಕ್ಕವಳು ಮಾಡ್ತಾಳೆ," ಎಂದರು ಮಾವ. ಆ ಕೊನೆಯ ಮಾತನ್ನು ಅವರು ಸಹಜವಾಗಿಯೇ ಹೇಳಿದ್ದು.

ಅದೇ ವಾರ ಗೋಡೆಯೊಳಗಿನ ಇಲಿ ಎರಡೂ ಮೇಜಿನ ಮೌಸುಗಳ ವೈರನ್ನು ಕಡಿದು ಹಾಕಿತ್ತು. "ತನ್ನ ಜಾತಿಯವರ ಬಾಲಾನೇ ಕತ್ತರಿಸಿದೆ ನೋಡು," ಎಂದು ಗಂಡ ನಕ್ಕ. ಇನ್ನು ವೈರಿನ ಗೊಡವೆಯೇ ಬೇಡವೆಂದು ಮಾವ, ಪುಟಗಳ ಮಾತು ಹೇಳಿದ ದಿನವೇ, ವೈರಿಲ್ಲದ ಮೌಸು ಎರಡು ತಂದರು. ಒಂದು ಕೆಂಪು, ಒಂದು ಕಪ್ಪು. ಬಾಗಿಲಿಗೆ ಹತ್ತಿರವಿದ್ದದ್ದು ಚಿಕ್ಕವಳ ಮೇಜು. ಕೈಗೆ ಮೊದಲು ಬಂದ ಕೆಂಪನ್ನು ಅಲ್ಲಿಟ್ಟು, ಕಪ್ಪನ್ನು ದೊಡ್ಡವಳಿಗೆ ಕೊಟ್ಟರು. ಚಿಕ್ಕವಳು ಬೆರಳಿನ ಉಗುರಿನಷ್ಟಿದ್ದ ರಿಸೀವರನ್ನು ಮೌಸಿನ ಹೊಟ್ಟೆಯಿಂದ ತೆಗೆದು ಕಂಪ್ಯೂಟರಿಗೆ ಚುಚ್ಚಿದಳು. ಒಂದೇ ನಿಮಿಷದಲ್ಲಿ ಪರದೆಯ ಮೇಲೆ ಬಾಣ ಓಡಿತು.

"ಅಕ್ಕಾ, ನಿಮ್ಮದೂ ಹಾಕ್ಕೊಡ್ಲಾ?"

"ನಂಗೆ ಬರುತ್ತೆ. ನಾಳೆ ಹಾಕ್ಕೋತೀನಿ."

ಆ ಸಂಜೆ ಎಲ್ಲರೂ ಹೋದ ಮೇಲೆ ದೊಡ್ಡವಳು ಎಂದಿನಂತೆ ಸಾಮಾನು ಖಾನೆಗೆ ಹಾಕತೊಡಗಿದಳು. ಚಿಕ್ಕವಳ ಕಂಪ್ಯೂಟರಿನಿಂದ ರಿಸೀವರನ್ನು ಕಿತ್ತಳು. ಕೆಂಪು ಮೌಸು ಅಲ್ಲೇ ಇತ್ತು. ಅಂಗೈಯಲ್ಲಿ ಹಿಡಿದು ನೋಡಿದಳು. ತನ್ನ ಕಪ್ಪಿಗಿಂತ ಹಗುರ ಅನ್ನಿಸಿತು, ಕೈಗೆ ಒಗ್ಗಿದಂತೆಯೂ ಅನ್ನಿಸಿತು. ಇವಳಿಗೆ ಒಳ್ಳೆಯದು ಕೊಟ್ಟಿದ್ದಾರಾ? ಕಪ್ಪು ಮೌಸಿನ ರಿಸೀವರನ್ನೂ ಹೊರತೆಗೆದು ಎರಡನ್ನೂ ಪಕ್ಕಪಕ್ಕ ಇಟ್ಟಳು. ಎರಡೂ ಒಂದೇ. ಬಣ್ಣವೂ ಒಂದೇ, ಗಾತ್ರವೂ ಒಂದೇ. ಅಷ್ಟರಲ್ಲಿ ಬಾಗಿಲ ಹೊರಗೆ ಹೆಜ್ಜೆಯ ಸದ್ದಾಯಿತು. ಕಳ್ಳತನದಲ್ಲಿ ಸಿಕ್ಕಿಬಿದ್ದವಳಂತೆ ಗಡಬಡಿಸಿ, ರಿಸೀವರುಗಳನ್ನು ತನ್ನ ಖಾನೆಗೊಂದು, ಚಿಕ್ಕವಳ ಖಾನೆಗೊಂದು ಹಾಕಿ ಮೇಲೆ ಬಟ್ಟೆ ಮುಚ್ಚಿದಳು. ತಿರುಗಿ ನೋಡಿದರೆ ಯಾರೂ ಇರಲಿಲ್ಲ.

ಮರುದಿನ ಅವಳು ಬೇಗ ಬಂದಳು. ಚಿಕ್ಕವಳು ಹಲ್ಲಿನ ಡಾಕ್ಟರ ಹತ್ತಿರ ಹೋಗಿ ತಡವಾಗಿ ಬರುವವಳಿದ್ದಳು. ನಿನ್ನೆ ಅವಳು ಮರೆತುಹೋದ ಛತ್ರಿ ಗೋಡೆಯ ಮೊಳೆಗೆ ನೇತುಹಾಕಿದ್ದು ಹಾಗೆಯೇ ಇತ್ತು. ದೊಡ್ಡವಳು ಮನಸ್ಸಿನಲ್ಲೇ ದೇವರನ್ನು ನೆನೆದು, ತನ್ನ ಖಾನೆಯಿಂದ ರಿಸೀವರ್ ತೆಗೆದು ಚುಚ್ಚಿದಳು. ಪರದೆಯ ಮೂಲೆಯಲ್ಲಿ 'ಹೊಸ ಸಾಧನ ಬಳಸಲು ಸಿದ್ಧ' ಎಂದು ಬಂತು. ಮೌಸು ಎಳೆದಳು. ಬಾಣ ಕದಲಲಿಲ್ಲ.

ಮೌಸಿನ ಹೊಟ್ಟೆಯ ಕೆಳಗಿನ ಗುಂಡಿ ನೋಡಿದಳು, ಆನ್ ಆಗಿತ್ತು. ದೀಪವೂ ಉರಿಯುತ್ತಿತ್ತು. ಸೆಲ್ ತೆಗೆದು ಗೋಡೆಗಡಿಯಾರದ ಸೆಲ್ ಹಾಕಿದಳು. ಗಡಿಯಾರ ನಿಂತಿತು, ಮೌಸು ಓಡಲಿಲ್ಲ. ರಿಸೀವರನ್ನು ಹಿಂದಿನ ತೂತಿಗೆ, ಮುಂದಿನ ತೂತಿಗೆ, ಮತ್ತೆ ಹಿಂದಿನದಕ್ಕೆ ಚುಚ್ಚಿ ನೋಡಿದಳು. ಮೇಜು ನುಣುಪಾಯಿತೇನೋ ಎಂದು ಕೆಳಗೆ ಕಾಗದವಿಟ್ಟಳು. ಕಂಪ್ಯೂಟರನ್ನು ಆರಿಸಿ ಹಾಕಿದಳು. ಅಂಗಡಿಗೆ ಫೋನ್ ಮಾಡಿದರೆ, "ಒಂದ್ಸಲ ಆಫ್ ಮಾಡಿ ಆನ್ ಮಾಡಿ ಮೇಡಂ," ಎಂದರು.

"ಮೂರು ಸಲ ಮಾಡಾಯ್ತು."

"ಹಾಗಾದ್ರೆ ಕಂಪ್ಯೂಟರಿನದೇ ದೋಷ ಇರ್ಬೇಕು."

ಯಂತ್ರದ ಕೋಣೆಯಿಂದ ಗಂಡ ಶಾಯಿಯ ಕೈ ಒರೆಸಿಕೊಳ್ಳುತ್ತ ಬಂದು ಬಗ್ಗಿ ನೋಡಿದ. "ಹೊಸ ಸೊಸೆ ಥರ ಮುನಿಸ್ಕೊಂಡಿದೆ ಕಣೆ. ಸ್ವಲ್ಪ ಸಮಾಧಾನ ಮಾಡು."

"ಹೊಸ ಸೊಸೆದು ಮುನಿಸ್ಕೊಂಡಿಲ್ಲ. ಹಳೇ ಸೊಸೆದು ಮುನಿಸ್ಕೊಂಡಿರೋದು. ನೀವು ಯಂತ್ರ ನೋಡ್ಹೋಗಿ."

ಗಂಡ ಯಂತ್ರದ ಕೋಣೆಗೆ ವಾಪಸು ಹೋದ. ಅವಳು ಕೀಲಿಗಳಿಂದಲೇ ಪ್ರಾರ್ಥನೆಯ ಸಾಲುಗಳನ್ನೇನೋ ಹೊಡೆದಳು. ಆದರೆ ಮೌಸಿಲ್ಲದೆ ಶೀರ್ಷಿಕೆಯನ್ನು ಎತ್ತಿಡುವುದು, ಅಂಚು ಸರಿಮಾಡುವುದು ಅವಳಿಗೆ ಬಾರದು. ಹನ್ನೊಂದಾಯಿತು. ಕಂಪ್ಯೂಟರಿನದೇ ದೋಷ ಎಂಬ ಮಾತು ತಲೆಯಲ್ಲಿ ಸುತ್ತುತ್ತಿತ್ತು. ನಿನ್ನೆಯವರೆಗೆ ಇಲ್ಲದ ದೋಷ ಇವತ್ತು ಎಲ್ಲಿಂದ ಬಂತು? ಚಿಕ್ಕವಳೇ ಏನಾದರೂ ಮಾಡಿಟ್ಟಳಾ? ಪುಸ್ತಕ ತನಗೆ ಸಿಗಲಿ ಅಂತ?

ಹನ್ನೊಂದೂವರೆಗೆ ಚಿಕ್ಕವಳು ಊದಿದ ಕೆನ್ನೆ ಹಿಡಿದುಕೊಂಡು ಬಂದಳು. ತನ್ನ ಖಾನೆಯಿಂದ ರಿಸೀವರ್ ತೆಗೆದು ಚುಚ್ಚಿ, ಕೆಂಪು ಮೌಸು ಎಳೆದಳು. "ಇದ್ಯಾಕೆ ಓಡ್ತಿಲ್ಲ?" ಎಂದು ನಾಲ್ಕು ಸಲ ಒತ್ತಿ ಅತ್ತಿತ್ತ ತಿಕ್ಕಿದಳು.

ದೊಡ್ಡವಳು ಕಪ್ಪು ಮೌಸನ್ನು ಮುಟ್ಟಿಯೂ ಇರಲಿಲ್ಲ. ಅವಳ ಪರದೆಯ ಮೇಲೆ ಬಾಣ ಎದ್ದು ಓಡಿತು. ಶೀರ್ಷಿಕೆಯನ್ನು ಕಚ್ಚಿ ಎಳೆದು ಪುಟದ ಬುಡಕ್ಕೆ ಕೆಡವಿತು. ಎರಡು ಸಾಲು ಇನ್ನೆಲ್ಲಿಗೋ ಹಾರಿದವು.

"ಏನು ಮಾಡಿಟ್ಟಿದೀಯ ನನ್ನ ಕಂಪ್ಯೂಟರಿಗೆ?" ದೊಡ್ಡವಳು ಕುರ್ಚಿ ಹಿಂದಕ್ಕೆ ಬೀಳುವ ಹಾಗೆ ಎದ್ದಳು. "ಮಾಡಿದ್ದನ್ನೂ ಹಾಳು ಮಾಡ್ತಿದೀಯಲ್ಲ! ಅಷ್ಟು ಬೇಕಿದ್ರೆ ಪುಸ್ತಕಾನ ಬಾಯ್ಬಿಟ್ಟು ಕೇಳ್ಬೇಕಿತ್ತು!"

"ನಾನಾ? ಅಕ್ಕಾ, ನಾನೀಗ ತಾನೇ ಬಂದೆ!"

ಗಲಾಟೆಗೆ ಮಾವ ಒಳಗಿನಿಂದ ಬಂದರು. ಚಿಕ್ಕವಳು ಒಂದು ಕ್ಷಣ ಎರಡೂ ಪರದೆಗಳನ್ನು ನೋಡಿ, "ಅಕ್ಕಾ, ನಿಮ್ಮ ಮೌಸು ಸ್ವಲ್ಪ ಎಳೀರಿ," ಎಂದಳು. ದೊಡ್ಡವಳು ಎಳೆದಳು. ಚಿಕ್ಕವಳ ಪರದೆಯಲ್ಲಿ ಬಾಣ ಓಡಿತು.

"ರಿಸೀವರು ಅದಲು ಬದಲಾಗಿದೆ ಮಾವ. ನೋಡೋಕೆ ಎರಡೂ ಒಂದೇ ಥರ. ಆದ್ರೆ ಅದರದಕ್ಕೆ ಅದೇ ಆಗ್ಬೇಕು."

ಮಾವ ಮರದ ತಟ್ಟೆಯ ಕಡೆ ನೋಡಿದರು. "ಖಾನೆ ತಪ್ಪಿಸಿದ್ದು ಯಾರು?"

ಚಿಕ್ಕವಳು ಕೆನ್ನೆ ಹಿಡಿದುಕೊಂಡು ತನ್ನ ಮೇಜಿನ ಕಡೆ ತಿರುಗಿದಳು.

"ಯಾರೇ ಆಗ್ಲಿ, ಅವರು ಪ್ರಾರ್ಥನೆ ಪುಸ್ತಕ ಮುಟ್ಟೋದು ಬೇಡ. ನಿಯಮ ಮೊಳೆ ಜೊತೆ ಗುಜರಿಗೆ ಹೋಗಿಲ್ಲ. ಊಟ ಮುಗಿಸ್ಕೊಂಡು ಬರ್ತೀನಿ, ಅಷ್ಟರಲ್ಲಿ ಹೇಳಿ." ಅವರು ಒಳಗೆ ಹೋದರು.

ದೊಡ್ಡವಳು ಬಿದ್ದ ಕುರ್ಚಿಯನ್ನು ಎತ್ತಿ ಕೂತಳು. ನಿನ್ನೆಯ ಸಂಜೆ ಕಣ್ಣ ಮುಂದೆ ಬಂತು: ಪಕ್ಕಪಕ್ಕ ಇಟ್ಟ ಎರಡು ರಿಸೀವರು, ಹೆಜ್ಜೆಯ ಸದ್ದು, ತನ್ನ ಗಡಿಬಿಡಿಯ ಕೈ. ಹದಿನಾಲ್ಕು ವರ್ಷ ಒಂದು ಮೊಳೆ ತಪ್ಪದ ಕೈ.

ಚಿಕ್ಕವಳು ಎರಡೂ ರಿಸೀವರುಗಳನ್ನು ಕಿತ್ತು, ಬದಲಾಯಿಸಿ ಚುಚ್ಚಿದಳು. ಆಮೇಲೆ ಹತ್ತಿರ ಬಂದು ದನಿ ತಗ್ಗಿಸಿದಳು. "ಅಕ್ಕಾ, ನಿನ್ನೆ ಖಾನೆಗೆ ಹಾಕೋವಾಗ ನಾನೇ ತಪ್ಪಿಸಿದ್ದು ಅಂತ ಮಾವನ ಹತ್ರ ಹೇಳ್ತೀನಿ. ಹಲ್ಲುನೋವಲ್ಲಿ ಗೊತ್ತಾಗ್ಲಿಲ್ಲ ಅಂದ್ರೆ ಬೈದು ಸುಮ್ಮನಾಗ್ತಾರೆ. ಮೂರು ಗಂಟೆಗೆ ಇನ್ನೂ ಹೊತ್ತಿದೆ, ನೀವು ಪುಟ ಮುಗಿಸಿ."

ದೊಡ್ಡವಳು ಅವಳ ಮುಖ ನೋಡಿದಳು. ಆಮೇಲೆ ಗೋಡೆಯಲ್ಲಿ ನೇತಾಡುತ್ತಿದ್ದ ಛತ್ರಿ ನೋಡಿದಳು. "ನಿನ್ನೆ ಸಂಜೆ ಛತ್ರಿಗೆ ಬಂದಿದ್ಯಾ?"

"ಹೂಂ."

"ತಗೊಂಡು ಹೋಗ್ಲಿಲ್ಲ."

"ನೀವು ನನ್ನ ಮೌಸು ಹಿಡ್ಕೊಂಡು ನಿಂತಿದ್ರಿ. ಒಳಗೆ ಬಂದ್ರೆ ನಿಮಗೆ ಒಂಥರಾ ಆಗುತ್ತೆ ಅನ್ನಿಸ್ತು." ಚಿಕ್ಕವಳು ಕೆನ್ನೆ ಒತ್ತಿಕೊಂಡಳು. "ಬೇಕಿದ್ರೆ ಕೆಂಪೂ ನೀವೇ ಇಟ್ಕೊಳ್ಳಿ. ನನಗೆ ಯಾವುದಾದ್ರೂ ನಡೆಯುತ್ತೆ."

ದೊಡ್ಡವಳ ಎದೆಯಲ್ಲಿ ಉರಿ ಇನ್ನೊಮ್ಮೆ ಎದ್ದಿತು, ಎಂದಿಗಿಂತ ಜೋರಾಗಿ. ವೇಗ ಇವಳದು, ಗಿರಾಕಿಗಳು ಇವಳವರು. ಇನ್ನು ದೊಡ್ಡ ಮನಸ್ಸೂ ಇವಳದೇ ಆಗಬೇಕಾ? ಪುಸ್ತಕ ಕೈಗೆ ಬಂದರೂ ಅದರ ಪುಟಪುಟವೂ ಇವಳು ಬಿಟ್ಟುಕೊಟ್ಟದ್ದು. ಪ್ರತಿ ಸಾಲು ಕೂಡಿಸುವಾಗಲೂ ಅದು ಬೆನ್ನ ಹಿಂದಿನಿಂದ ಚುಚ್ಚುತ್ತದೆ. ಅದೂ ಪ್ರಾರ್ಥನೆಯ ಸಾಲು.

ಒಳಗೆ ಮಾವ ಕೈ ತೊಳೆಯುವ ಸದ್ದು ಕೇಳಿಸಿತು. ಅವಳು ಎದ್ದು, ತಾನು ಗುರುತು ಹಾಕಿಟ್ಟಿದ್ದ ಹಳೆಯ ಪ್ರಾರ್ಥನೆ ಪುಸ್ತಕವನ್ನು ಚಿಕ್ಕವಳ ಮೇಜಿನ ಮೇಲೆ, ಕೆಂಪು ಮೌಸಿನ ಪಕ್ಕ ಇಟ್ಟಳು.

"ಬೇಡಮ್ಮಾ," ಎಂದಳು. "ಮಾವನ ಹತ್ರ ನಾನೇ ಹೇಳ್ತೀನಿ. ಅದೊಂದನ್ನಾದ್ರೂ ನನಗೆ ಬಿಡು."