ಫೋನಿನಲ್ಲಿ ಹೇಳಲಾಗದ ಹೆಸರು

ಹೋದ ವಾರ ನಮ್ಮದೇ ಅಂಗಡಿಯ ಹೆಸರು ಹೇಳಲಾಗದೆ ಫೋನ್ ಕೆಳಗಿಟ್ಟುಬಿಟ್ಟೆ.

ಮರೆತಿರಲಿಲ್ಲ. ಮರೆಯುವ ಹೆಸರೇ ಅದು? ನನ್ನ ಗಂಡನ ಹೆಸರು. ಅವರು ತೀರಿದ ಮೇಲೆ ನನ್ನ ಮಗ ಶರಣು ಹಳೆಯ ಬೋರ್ಡು ತೆಗೆಸಿ, ಅಪ್ಪನ ಹೆಸರಿನ ಹೊಸ ಬೋರ್ಡು ಹಾಕಿಸಿದ. ಸಿಂದಗಿ ಬಸ್‌ಸ್ಟ್ಯಾಂಡಿನಿಂದ ಬರುವವರಿಗೆ ದೂರದಿಂದಲೇ ಕಾಣುತ್ತದೆ. ನಾನೂ ದಿನಾ ಓದುತ್ತೇನೆ. ಮನಸ್ಸಿನೊಳಗೆ.

(ಮೊಮ್ಮಕ್ಕಳೇ, ಈ ಅಂಕಣ ನಿಮಗೆಂದು ಬರೆಯುವುದು. ಉಳಿದವರು ನಿಮ್ಮ ಪಕ್ಕ ಕುಳಿತು ಓದುತ್ತಾರೆ. ಓದಲಿ ಬಿಡಿ.)

ನಮ್ಮ ಕಾಲದ ಹೆಣ್ಣುಮಕ್ಕಳು ಗಂಡನ ಹೆಸರು ಬಾಯಲ್ಲಿ ಹೇಳುವುದಿಲ್ಲ. ಬರೆದರೆ ನಡೆಯುತ್ತದೆ, ಹೇಳಿದರೆ ಇಲ್ಲ. ಯಾಕೆ ಎಂದು ನಿಮ್ಮಂತೆ ನಾವು ಕೇಳಲಿಲ್ಲ. ಒಂದೇ ಒಂದು ವಿನಾಯಿತಿ ಇತ್ತು. ಮದುವೆ, ಸೀಮಂತದಲ್ಲಿ ಹೆಂಗಸರು ಸುತ್ತುಗಟ್ಟಿ, "ಏ, ಹೆಸರ ಹೇಳ" ಎಂದು ಕಾಡುತ್ತಿದ್ದರು. ಆಗ ಒಂದು ಒಡಪು ಕಟ್ಟಿ, ಪ್ರಾಸದ ನಡುವೆ ಗಂಡನ ಹೆಸರು ಬಚ್ಚಿಟ್ಟು ಹೇಳಬೇಕು. ಹೇಳಿ ಮುಖ ಮುಚ್ಚಿಕೊಳ್ಳಬೇಕು.

ನಾನು ಸಂಕೋಚದವಳು. ಆದರೂ ಒಡಪು ಚೆನ್ನಾಗಿ ಕಟ್ಟುತ್ತಿದ್ದೆ.

ಅವರು ಹೋದ ಮೇಲೆ ನನ್ನನ್ನು ಯಾರೂ ಕೇಳುವುದಿಲ್ಲ. ನನ್ನ ಹತ್ತಿರ ಬಂದಾಗ ಹೆಂಗಸರು ಮೆಲ್ಲಗೆ ಆಚೆಯವಳ ಕಡೆ ತಿರುಗುತ್ತಾರೆ. ಅವಮಾನಕ್ಕಲ್ಲ, ನೋಯಬಾರದೆಂದು. ನೋಯಿಸದೆ ಬಿಡುವುದರಲ್ಲೂ ಒಂದು ನೋವಿದೆ ಎಂದು ಅವರಿಗೆ ಯಾರು ಹೇಳಬೇಕು?

ಇರಲಿ. ಫೋನಿಗೆ ಬರುತ್ತೇನೆ.

ನಮ್ಮದು ಬಾಂಡೆ ಅಂಗಡಿ. ಕೊಡ, ತಾಟು, ಚರಗಿ, ಬೋಗೋಣಿ. ಮೊದಲು ಒಂದೇ ಅಂಗಡಿ ಇತ್ತು. ಈಗ ಇಂಡಿಯಲ್ಲಿ ಇನ್ನೊಂದಿದೆ. ನಾಲತವಾಡದ ಸಂತೆಯಲ್ಲೂ ಸಾಮಾನು ಹಚ್ಚಿ ಮಾರುತ್ತೇವೆ. ಇದರ ಮೇಲೆ ಫೋನಿನ ಆರ್ಡರು. ಮುದ್ದೇಬಿಹಾಳ, ಬಾಗೇವಾಡಿಗೆ ಬಸ್ಸಿನಲ್ಲಿ ಪಾರ್ಸೆಲ್ಲು. ಎಲ್ಲ ಕಡೆಯಿಂದ ಮಾರುವುದು ಸರಿ. ಆದರೆ ಎಲ್ಲಿ ಏನು ಮಾರಿದ್ದೇವೆ ಎಂದು ಯಾರಿಗೆ ಗೊತ್ತು? ಈ ಸಲ ಮದುವೆಯ ಸೀಜನ್ನಿನಲ್ಲಿ ಒಂದು ದೊಡ್ಡ ಹಿತ್ತಾಳೆ ಹಂಡೆ ಸಂತೆಯಲ್ಲಿ ಮಾರಿಹೋಯಿತು. ಅದೇ ಹಂಡೆಯನ್ನು ನಾನು ಫೋನಿನಲ್ಲಿ ಬೇರೊಬ್ಬರಿಗೆ ಒಪ್ಪಿಕೊಂಡಿದ್ದೆ. ಎರಡು ಬೀಗರ ಮನೆ, ಒಂದು ಹಂಡೆ. ಆಮೇಲೆ ಏನಾಯಿತೆಂದು ಬರೆಯುವುದಿಲ್ಲ. ಊಹಿಸಿಕೊಳ್ಳಿ.

ಅದಕ್ಕೇ ಕಂಪ್ಯೂಟರು ಬಂತು. ಅದರ ಜೊತೆ ವಿಜಾಪುರದಿಂದ ಇರ್ಫಾನ್ ಬಂದ. ಅವನು ಕೂಡಿಸಿದ ಸಿಸ್ಟಮ್ಮಿನಲ್ಲಿ ಅಂಗಡಿ, ಸಂತೆ, ಫೋನು ಎಲ್ಲ ಆರ್ಡರುಗಳೂ ಒಂದೇ ಪರದೆಯ ಮೇಲೆ ಬರುತ್ತವೆ. ಇಂಡಿಯವರೂ ಸಂತೆಯವರೂ ಮಾರಿದ್ದನ್ನು ಫೋನ್ ಮಾಡಿ ಹೇಳಬೇಕು. ನನ್ನ ಸೊಸೆ ಸುಜಾತಾ ಟೈಪ್ ಮಾಡುತ್ತಾಳೆ. ಒಂದು ಹಂಡೆ ಹೋಯಿತೆಂದರೆ ಎಲ್ಲ ಕಡೆಯಿಂದಲೂ ಹೋದಂತೆ. ಬುದ್ಧಿವಂತಿಕೆಯೇ. ಒಪ್ಪುತ್ತೇನೆ.

ಆದರೆ ಇರ್ಫಾನ್ ಒಂದು ನಿಯಮ ಹಾಕಿದ. ಫೋನು ಎತ್ತಿದವರು ಮೊದಲು ಅಂಗಡಿಯ ಹೆಸರು, ಊರು ಹೇಳಬೇಕು. ಇಲ್ಲದಿದ್ದರೆ ಮಾತಾಡುತ್ತಿರುವುದು ಸಿಂದಗಿಯೋ ಇಂಡಿಯೋ ಗಿರಾಕಿಗೆ ತಿಳಿಯುವುದಿಲ್ಲ, ಆರ್ಡರು ತಪ್ಪು ಕಡೆ ಸೇರುತ್ತದೆ.

ಫೋನು ಎತ್ತುವವಳು ನಾನು. ಇಷ್ಟು ದಿನ "ಅಂಗಡಿರೀ" ಅಂದರೆ ಸಾಕಿತ್ತು.

ರಿಂಗಾಯಿತು. ಎತ್ತಿದೆ. ಬಾಯಿ ತೆರೆದೆ. ಇಟ್ಟೆ.

"ಅವ್ವ, ಅಂಗಡಿ ಹೆಸರ ಹೇಳಾಕ ಏನಾಗ್ತೈತಿ ನಿನಗ?" ಶರಣು ಸಿಟ್ಟಾದ.

"ನಿಮ್ಮಪ್ಪನ ಹೆಸರ ಇಡು ಅಂತ ನಿನಗ ಯಾರ ಹೇಳಿದ್ರೋ?"

ಇರ್ಫಾನ್ ನಕ್ಕ. "ನಮ್ಮವ್ವನೂ ಹಿಂಗಽ ರೀ ಅಮ್ಮಾರ. ರೇಷನ್ ಆಫೀಸಿನ್ಯಾಗ ಗಂಡನ ಹೆಸರ ಕೇಳಿದ್ರ ನನ್ನ ಮುಂದ ನೂಕಿ, 'ಇವರಪ್ಪ' ಅಂತಾಳ. ಆದ್ರ ಸಿಸ್ಟಮ್ಮಿಗೆ ಅದು ತಿಳಿಯಂಗಿಲ್ರೀ."

ಶರಣು ಮೆತ್ತಗಾದ. "ಹೋಗ್ಲಿ ಬಿಡವ್ವ. ಸೋಮವಾರದಿಂದ ಫೋನ್ ಸುಜಾತಾನಽ ತಗೊಳ್ಲಿ. ನೀ ರೆಸ್ಟ್ ಮಾಡು."

ರೆಸ್ಟು! ಎಷ್ಟು ಪ್ರೀತಿಯ ಮಾತು. ಅಂಗಡಿಯ ಹಿಂದಿನ ಖೋಲಿಯಲ್ಲಿ ಒಬ್ಬಳೇ ಕುಳಿತು ಫ್ಯಾನು ನೋಡುವುದಕ್ಕೆ ರೆಸ್ಟು ಎಂದು ಹೆಸರು. ಎದುರಿಗೆ ನಿಂತವರ ಜೊತೆ ನನಗೆ ಮಾತೇ ಬರುವುದಿಲ್ಲ. ಫೋನಿನಲ್ಲಿ ನನ್ನ ಮುಖ ಯಾರಿಗೂ ಕಾಣದು, ಅಲ್ಲಿ ಬರುತ್ತದೆ. ಬಾಗೇವಾಡಿಯ ಮಳೆ, ಮುದ್ದೇಬಿಹಾಳದ ಮದುವೆ, ಯಾರದೋ ಮೊಣಕಾಲು ನೋವು, ಎಲ್ಲ ಆ ತಂತಿಯಿಂದಲೇ ನನ್ನ ತನಕ ಬರುತ್ತಿತ್ತು. ಫೋನು ಹೋದರೆ ನನಗೆ ಉಳಿಯುವುದು ಯಾರ ದನಿ? ಎಲ್ಲರೂ ಮನೆಯಲ್ಲೇ ಇದ್ದಾರೆ, ನಿಜ. ಎಲ್ಲರಿಗೂ ಕೆಲಸವಿದೆ, ಅದೂ ನಿಜ.

ಶನಿವಾರ ಮಧ್ಯಾಹ್ನ ಫೋನು ಬಂತು. ಶರಣು ಊಟಕ್ಕೆ ಹೋಗಿದ್ದ. ನಾನು ಹಳೆಯ ರೀತಿಯಲ್ಲೇ "ಅಂಗಡಿರೀ" ಅಂದೆ. ಹಲಸಂಗಿಯ ಒಬ್ಬ ಹೆಣ್ಣುಮಗಳು. ನಾದಿನಿಯ ಮಗಳ ಮದುವೆಗೆ ಉಡುಗೊರೆ, ದೊಡ್ಡ ಕೊಡ. ಮೇಲೆ ಹೆಸರು ಕೊರೆಸಬೇಕು.

"ಯಾರ ಹೆಸರ ಹಾಕ್ಬೇಕ್ರೀ?"

"ನಮ್ಮ ಮನಿಯವರ್ದು."

"ಅವರ ಹೆಸರ ಏನ್ರೀ?"

ಆ ಕಡೆ ಕಿಸಕ್ಕೆಂದು ನಗು. "ನಾ ಹೆಂಗ ಹೇಳ್ಲೆಬೇ? ನೀವಽ ಬರ್ಕೊಳ್ರಿ."

"ನನಗ ಹೆಂಗ ಗೊತ್ತಾಗ್ಬೇಕ್ರೀ? ಹೆಸರ ಇಲ್ದ ಈ ಕಂಪ್ಯೂಟರ್ ಮುಂದ ಹೋಗಂಗಿಲ್ಲ."

"ಅಯ್ಯ, ಕಂಪ್ಯೂಟರಿಗೂ ಹೆಸರ ಕೇಳೋ ಚಟ ಐತೇನು?" ಆಮೇಲೆ ಗಂಟಲು ಸರಿಮಾಡಿಕೊಂಡು ಒಡಪು ಹಾಕಿದಳು:

"ಹಿತ್ತಾಳಿ ಕೊಡಕ್ಕ ಹುಣಸಿಹಣ್ಣಿನ ಹೊಳಪು, ಸಿದ್ದನಗೌಡ್ರ ಮಾತಂದ್ರ ನಮ್ಮ ಮನಿಗೆ ಬೆಳಕು."

ನಾನು ಜೋರಾಗಿ ನಕ್ಕೆ. ಸುಜಾತಾ ಟೈಪ್ ಮಾಡುವುದು ಬಿಟ್ಟು ನನ್ನನ್ನೇ ನೋಡಿದಳು.

"ನಗ್ತೀರಿ? ಈಗ ನಿಮ್ಮ ಪಾಳಿ. ಹೇಳ್ರಿ ಅಕ್ಕಾರ, ಬಿಡಂಗಿಲ್ಲ ನಾ."

ಅವಳಿಗೆ ನನ್ನ ಹಣೆ ಕಾಣುತ್ತಿರಲಿಲ್ಲ.

ಎಷ್ಟು ವರ್ಷದ ಮೇಲೆ ಒಬ್ಬರು ಕೇಳಿದರು! 'ನನ್ನನ್ನು ಕೇಳಬಾರದವ್ವ' ಎಂದು ಹೇಳಬೇಕಿತ್ತು. ನಾಲಿಗೆ ಹೇಳಲಿಲ್ಲ. ಅದಕ್ಕೆ ಹಳೆಯ ದಾರಿ ನೆನಪಿತ್ತು.

"ತಕ್ಕಡಿಗೆ ಮುಳ್ಳು, ತಾಟಿಗೆ ಅಂಚು, ಗುರುಪಾದಪ್ಪನವರ ನಗಿ ಅಂದ್ರ ಮುಂಗಾರಿನ ಮಿಂಚು."

"ಭೇಷ್!" ಎಂದಳು ಹಲಸಂಗಿಯವಳು. "ಕೊಡ ಒಯ್ಯಾಕ ನಾನಽ ಬರ್ತೇನ್ರಿ. ನಿಮ್ಮನ್ನೂ ನಿಮ್ಮ ಯಜಮಾನರನ್ನೂ ನೋಡಿದಂಗ ಆಗ್ತೈತಿ. ಖಣ ತರ್ತೇನಿ, ನಿಮಗ ಉಡಿ ತುಂಬಿ ಹೋಗ್ತೇನಿ."

ಉಡಿ ತುಂಬುವುದು ಮುತ್ತೈದೆಯರಿಗೆ. ನಾನು "ಆತ್ರೀ" ಎಂದು ಫೋನಿಟ್ಟೆ.

ಸುಜಾತಾ ಪರದೆಯ ಕಡೆ ತಿರುಗಿ ಕೇಳಿದಳು. "ಅತ್ತಿ, ಸಾಮಾನ ಹೆಂಗ ಹೋಗ್ತೈತಿ? ಅವರಽ ಬರ್ತಾರೋ, ಬಸ್ಸಿಗೆ ಹಾಕೂದೋ? ಎರಡರಾಗ ಒಂದ ಒತ್ತಬೇಕು."

"ಬಸ್ಸಿಗೆ ಹಾಕು."

"ಅವರಽ ಬರ್ತೀನಿ ಅಂದಂಗಿತ್ತಲ್ಲ?"

"ಬಸ್ಸಿಗೆ ಹಾಕವ್ವ. ನಾಳೆ ಬೆಳಿಗ್ಗೆನಽ ಹೋಗ್ಲಿ. ಬಾಡಿಗಿ ಅಂಗಡೀದು ಅಂತ ಹೇಳಿ ಕಳಿಸು."

ಸುಜಾತಾ ನನ್ನ ಮುಖ ನೋಡಿದಳು. ಏನೂ ಕೇಳದೆ ಗುಂಡಿ ಒತ್ತಿದಳು. ಒಳ್ಳೆಯ ಹುಡುಗಿ.

ಸೋಮವಾರ ಫೋನು ರಿಂಗಾದಾಗ ಅವಳು ಕೈ ಚಾಚಲಿಲ್ಲ. ನಾನೇ ಎತ್ತಿದೆ. "ನಮಸ್ಕಾರ್ರೀ, ಗುರುಪಾದಪ್ಪ ಬಾಂಡೆ ಸ್ಟೋರ್ಸ್, ಸಿಂದಗಿ." ದುಡ್ಡಿನ ಗಲ್ಲೆಯ ಮೇಲೆ ಕುಳಿತಿದ್ದ ಶರಣು ತಿರುಗಿ ನೋಡಿದ. ನಾನು ಗೋಡೆಯ ಕಡೆ ನೋಡಿದೆ. ಮಾಲೆ ಹಾಕಿದ ಫೋಟೋದಲ್ಲಿ ಅವರು ಇದ್ದ ಹಾಗೆಯೇ ಇದ್ದರು. ಫೋನು ನನ್ನ ಹತ್ತಿರವೇ ಉಳಿಯಿತು.

ಮಕ್ಕಳೇ, ಆ ಸಿಸ್ಟಮ್ಮಿಗೆ ಎಲ್ಲ ಗೊತ್ತು. ಯಾವ ಕೊಡ ಎಲ್ಲಿದೆ, ಯಾವುದು ಹೋಯಿತು, ಯಾವುದು ಇನ್ನು ಇಲ್ಲ. ಆದರೆ ಹಲಸಂಗಿಯ ಒಂದು ಮನೆಯಲ್ಲಿ ನನ್ನ ಯಜಮಾನರು ಇನ್ನೂ ಇದ್ದಾರಲ್ಲ, ಅದನ್ನು ಯಾವ ಖಾನೆಯಲ್ಲಿ ತುಂಬಬೇಕು?